ಆಟದಲ್ಲಿನ ಮೋಸ, ಶಿಕ್ಷೆಯಲ್ಲಿನ ನ್ಯಾಯ

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ನಾನು ಕ್ರೀಡಾಪಟುವಲ್ಲ. 35 ವರ್ಷ ಕಾಲುವೆ, ಸೇತುವೆ, ರಸ್ತೆ ಎಂದು ಸರ್ಕಾರಿ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರ್. ಅಂಥವನು ಆಟದ ವಿಷಯ ಯಾಕೆ ಮಾತನಾಡುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣ ನಮ್ಮ ಮನೆಯ ಒಬ್ಬ ಹುಡುಗ.

ನನ್ನ ಅಣ್ಣನ ಮೊಮ್ಮಗ ಪದವಿ ಎರಡನೇ ವರ್ಷದಲ್ಲಿದ್ದಾನೆ. ಒಳ್ಳೆಯ ಕಬಡ್ಡಿ ಆಟಗಾರ. ಕ್ರೀಡಾ ಕೋಟಾದಲ್ಲಿ ಒಂದು ನೌಕರಿ ಸಿಕ್ಕೀತು ಎಂಬ ಆಸೆ ಮನೆಯವರಿಗೂ ಇತ್ತು. ಕಳೆದ ವರ್ಷ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಅವನ ತಂಡ ಫೈನಲ್ ತಲುಪಿತು. ಅಲ್ಲಿ ಎದುರಾಳಿ ತಂಡದವರು ಆಕ್ಷೇಪಣೆ ಎತ್ತಿದರು. ನೋಡಿದರೆ, ಈ ತಂಡದಲ್ಲಿ ಆಡಿದ ಒಬ್ಬ ಹುಡುಗ ಆ ಕಾಲೇಜಿನವನೇ ಅಲ್ಲ! ಬೇರೊಬ್ಬ ವಿದ್ಯಾರ್ಥಿಯ ಗುರುತಿನ ಚೀಟಿಯಲ್ಲಿ ಆಡಿದ್ದಾನೆ. ತಂಡವನ್ನು ಹೊರಹಾಕಿದರು. ಕಾಲೇಜನ್ನು ಎರಡು ವರ್ಷ ಪಂದ್ಯಾವಳಿಯಿಂದ ನಿಷೇಧಿಸಿದರು. ಹೊರಗಿನ ಹುಡುಗ ತನ್ನ ಊರಿಗೆ ಹೋದ. ಅವನನ್ನು ಕರೆತಂದ ದೈಹಿಕ ಶಿಕ್ಷಣ ನಿರ್ದೇಶಕರು ಬೇರೆ ಕಡೆ ಕೆಲಸ ಹಿಡಿದರು. ಎರಡು ವರ್ಷದ ನಿಷೇಧ ಮುಗಿಯುವಷ್ಟರಲ್ಲಿ ನಮ್ಮ ಹುಡುಗನ ಪದವಿಯೇ ಮುಗಿದಿರುತ್ತದೆ.

ನಾನು ದೊಡ್ಡವನಂತೆ ಬುದ್ಧಿ ಹೇಳಿದೆ: "ನಿಯಮ ಅಂದರೆ ನಿಯಮ, ತಮ್ಮಾ." ಅವನು ಕೇಳಿದ: "ಅಜ್ಜಾ, ಮೋಸ ಮಾಡಿದವ್ರು ಇಬ್ರೂ ಹೋದ್ರು. ಉಳಿದವ್ರು ನಾವು. ಇದರಾಗ ನಂದೇನು ತಪ್ಪೈತಿ?"

ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ಹಿಡಿದು ಓದುತ್ತಾ ಹೋದೆ. ಓದಿದಾಗ ತಿಳಿಯಿತು, ಇದು ಒಂದು ತಾಲ್ಲೂಕಿನ ಕಬಡ್ಡಿ ಮೈದಾನದ ಪ್ರಶ್ನೆಯಲ್ಲ, ಜಗತ್ತಿನ ದೊಡ್ಡ ದೊಡ್ಡ ಕ್ರೀಡಾ ಸಂಸ್ಥೆಗಳು ಇಂದಿಗೂ ತಿಣುಕುತ್ತಿರುವ ಪ್ರಶ್ನೆ.

ಮೊದಲು ಅಮೆರಿಕದ ಕಾಲೇಜು ಕ್ರೀಡೆಯ ಒಂದು ಪ್ರಕರಣ ನೋಡೋಣ. ಅಲ್ಲಿ ಕಾಲೇಜು ಕ್ರೀಡೆಯೆಂದರೆ ಕೋಟ್ಯಂತರ ಡಾಲರ್ ವ್ಯವಹಾರ. ಎನ್‌ಸಿಎಎ ಎಂಬ ಸಂಸ್ಥೆ ಅದನ್ನು ನಿಯಂತ್ರಿಸುತ್ತದೆ. ಆಡುವ ವಿದ್ಯಾರ್ಥಿಗಳು ವಿದ್ಯಾರ್ಥಿವೇತನ ಬಿಟ್ಟು ಬೇರೆ ಹಣ ಮುಟ್ಟಬಾರದು ಎಂಬುದು ಬಹುಕಾಲ ಅದರ ಕಟ್ಟುನಿಟ್ಟಿನ ನಿಯಮವಾಗಿತ್ತು. ಲಾಸ್ ಏಂಜಲೀಸ್‌ನಲ್ಲಿರುವ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ರೆಜಿ ಬುಷ್ ಎಂಬ ಅಪ್ರತಿಮ ಆಟಗಾರನಿದ್ದ. ಆಟ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್. 2005ರಲ್ಲಿ ಕಾಲೇಜು ಮಟ್ಟದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಅವನಿಗೆ ಬಂತು. ಮುಂದಿನ ವರ್ಷ ಅವನು ವೃತ್ತಿಪರ ತಂಡ ಸೇರಿದ. ಅವನೂ ಅವನ ಕುಟುಂಬವೂ ಏಜೆಂಟರಾಗಲು ಹೊರಟವರಿಂದ ಹಣ, ಮನೆ ಇತ್ಯಾದಿ ಪಡೆದಿದ್ದರು ಎಂಬುದು ಆಮೇಲೆ ಹೊರಬಂತು.

ತೀರ್ಪು ಬಂದದ್ದು 2010ರ ಜೂನ್‌ನಲ್ಲಿ. ಋತುವಿನ ಕೊನೆಯ ಪ್ರತಿಷ್ಠಿತ ಪಂದ್ಯಗಳಿಂದ ತಂಡಕ್ಕೆ ಎರಡು ವರ್ಷ ನಿಷೇಧ. ಮೂರು ವರ್ಷಗಳಲ್ಲಿ 30 ವಿದ್ಯಾರ್ಥಿವೇತನಗಳ ಕಡಿತ. ಹಳೆಯ ಗೆಲುವುಗಳು ದಾಖಲೆಯಿಂದ ರದ್ದು. ಆದರೆ ಆ ಹೊತ್ತಿಗೆ ಬುಷ್ ವೃತ್ತಿಪರ ಆಟದಲ್ಲಿ ಹೆಸರು, ಹಣ ಎರಡನ್ನೂ ಗಳಿಸಿದ್ದ. ಕೋಚ್ ಪೀಟ್ ಕ್ಯಾರೊಲ್ ಅದೇ ವರ್ಷದ ಜನವರಿಯಲ್ಲಿ ಸಿಯಾಟಲ್‌ನ ವೃತ್ತಿಪರ ತಂಡಕ್ಕೆ ಹೋಗಿದ್ದರು. 2010ರಲ್ಲಿ ಶಿಕ್ಷೆ ಅನುಭವಿಸಿದ 18 ವರ್ಷದ ಹುಡುಗನ ಲೆಕ್ಕ ಹಾಕಿ. ತಪ್ಪು ನಡೆದಾಗ ಅವನಿಗೆ 13 ವರ್ಷ! ಮೇಲಿನ ತರಗತಿಯವರು ಬೇಕಾದರೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ತಕ್ಷಣ ಆಡಬಹುದು ಎಂದು ಒಂದು ಕಿಟಕಿ ತೆರೆದಿಟ್ಟರು. ಉಳಿದವರು ಯಾರದೋ ಸಾಲ ತೀರಿಸಿದರು.

ಈ ಕಥೆಗೆ ಇನ್ನೊಂದು ತಿರುವಿದೆ. ಬುಷ್ 2010ರಲ್ಲಿ ಟ್ರೋಫಿ ಬಿಟ್ಟುಕೊಟ್ಟ. 2021ರಲ್ಲಿ ನಿಯಮ ಬದಲಾಗಿ, ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು, ಭಾವಚಿತ್ರದಿಂದ ಹಣ ಗಳಿಸಬಹುದು ಎಂದಾಯಿತು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡತೊಡಗಿದವು. ನಡುವೆ 2024ರ ಏಪ್ರಿಲ್‌ನಲ್ಲಿ ಬುಷ್‌ಗೆ ಟ್ರೋಫಿ ಮರಳಿ ಸಿಕ್ಕಿತು. ಹಿರಿಯರು ತಮ್ಮ ನಿಯಮವನ್ನು ತಿದ್ದಿಕೊಂಡರು, ಸಂತೋಷ. ಆದರೆ 2010 ಮತ್ತು 2011ರಲ್ಲಿ ಆಡಬೇಕಾಗಿದ್ದ ಆ ಹುಡುಗರಿಗೆ ಮರಳಿ ಕೊಡಲು ಯಾರ ಕೈಯಲ್ಲೂ ಏನೂ ಇರಲಿಲ್ಲ.

"ಹಾಗಾದರೆ ಸಂಸ್ಥೆಗೆ ಶಿಕ್ಷೆಯೇ ಬೇಡವೇ?" ಎಂದು ನೀವು ಕೇಳಬಹುದು. ಬೇಕು. ಸಂಸ್ಥೆಯೇ ಮೋಸ ಮಾಡಿದ ಉದಾಹರಣೆಗಳೂ ಇವೆ. ಟೆಕ್ಸಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಆಟಗಾರರಿಗೆ ಗುಟ್ಟಾಗಿ ಹಣ ಹಂಚಲಾಗುತ್ತಿತ್ತು. ಒಮ್ಮೆ ಸಿಕ್ಕಿಬಿದ್ದು ಶಿಕ್ಷೆಯಾದ ಮೇಲೂ, ದೊಡ್ಡವರಿಗೆ ತಿಳಿದೇ, ಅದು ಮುಂದುವರಿಯಿತು. 1987ರ ಇಡೀ ಋತುವನ್ನೇ ಎನ್‌ಸಿಎಎ ರದ್ದು ಮಾಡಿತು. ಅಲ್ಲಿಯವರು ಅದನ್ನು ಮರಣದಂಡನೆ ಎಂದೇ ಕರೆಯುತ್ತಾರೆ. ತಂಡ ಮತ್ತೆ ಋತುವಿನ ಕೊನೆಯ ಪ್ರತಿಷ್ಠಿತ ಪಂದ್ಯ ಆಡಿದ್ದು 2009ರಲ್ಲಿ. ದೊಡ್ಡ ಮಟ್ಟದ ಫುಟ್‌ಬಾಲ್‌ನಲ್ಲಿ ಆ ಶಿಕ್ಷೆಯನ್ನು ಎನ್‌ಸಿಎಎ ಮತ್ತೆ ಬಳಸಿಲ್ಲ. ಸಂಸ್ಥೆಯನ್ನು ಶಿಕ್ಷಿಸುವುದು ತಪ್ಪಲ್ಲ, ಆದರೆ ಅದರ ಪೆಟ್ಟು ಎಲ್ಲಿಯವರೆಗೆ ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು.

ಇನ್ನು ವೃತ್ತಿಪರ ಕ್ರೀಡೆ. ಇಲ್ಲಿ ಎಡವಟ್ಟು ಉಲ್ಟಾ ಆಗಿದೆ. ಬೇಸ್‌ಬಾಲ್ ಎಂಬುದು ಕ್ರಿಕೆಟ್ಟಿನ ದಾಯಾದಿ ಎನ್ನಿ. ಅಲ್ಲಿ ವಿಕೆಟ್ ಕೀಪರ್‌ನಂತಿರುವ ಆಟಗಾರ ಆಗ ಬೆರಳಿನ ಸನ್ನೆಯಿಂದ ಯಾವ ಚೆಂಡು ಹಾಕಬೇಕೆಂದು ಎಸೆತಗಾರನಿಗೆ ಸೂಚಿಸುತ್ತಿದ್ದ. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡದವರು ಆ ಸನ್ನೆಯನ್ನು ಕ್ಯಾಮೆರಾದಲ್ಲಿ ನೋಡಿ, ಕಸದ ಡಬ್ಬಿ ಬಡಿದು, ಬರುವ ಚೆಂಡು ಯಾವುದೆಂದು ತಮ್ಮ ಬ್ಯಾಟ್ಸ್‌ಮನ್‌ಗೆ ತಿಳಿಸುತ್ತಿದ್ದರು. ಆ ವರ್ಷ ಅವರೇ ಚಾಂಪಿಯನ್. ಎರಡು ವರ್ಷದ ನಂತರ ಅದೇ ತಂಡದಲ್ಲಿ ಆಡಿದ್ದ ಮೈಕ್ ಫಿಯರ್ಸ್ ಬಾಯಿಬಿಟ್ಟ ಮೇಲೆ ಜಗತ್ತಿಗೆ ತಿಳಿಯಿತು.

2020ರ ಜನವರಿಯಲ್ಲಿ ಶಿಕ್ಷೆ ಪ್ರಕಟವಾಯಿತು. ಕ್ಲಬ್‌ಗೆ 50 ಲಕ್ಷ ಡಾಲರ್ ದಂಡ. ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ ಎರಡು ವರ್ಷದ ಮೊದಲೆರಡು ಅವಕಾಶಗಳ ನಷ್ಟ. ಜನರಲ್ ಮ್ಯಾನೇಜರ್‌ಗೂ ತಂಡದ ಮ್ಯಾನೇಜರ್‌ಗೂ ಒಂದು ವರ್ಷ ಅಮಾನತು. ಮಾಲೀಕರು ಅವರಿಬ್ಬರನ್ನೂ ವಜಾ ಮಾಡಿದರು. ಡಬ್ಬಿ ಬಡಿದ ಆಟಗಾರರಿಗೆ? ಏನೂ ಇಲ್ಲ. ನಿಜ ಹೇಳಿದರೆ ಶಿಕ್ಷೆಯಿಲ್ಲ ಎಂಬ ಭರವಸೆಯ ಮೇಲೆ ಅವರಿಂದ ಹೇಳಿಕೆ ಪಡೆದಿದ್ದರು. ಚಾಂಪಿಯನ್ ಪಟ್ಟವೂ ಉಳಿಯಿತು. ಅದೇ 2017ರ ಆಗಸ್ಟ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಟೊರಾಂಟೊ ತಂಡದ ಒಬ್ಬ ಎಸೆತಗಾರ ಚೆನ್ನಾಗಿ ಹೊಡೆಸಿಕೊಂಡ. ಅವನಿಗೆ ಆ ಮಟ್ಟದಲ್ಲಿ ಅದೇ ಕೊನೆಯ ಪಂದ್ಯವಾಯಿತು. ಅವನು ನ್ಯಾಯಾಲಯಕ್ಕೂ ಹೋದ, ಫಲ ಸಿಗಲಿಲ್ಲ. ಮೇಲಿನವರಿಗೆ ಶಿಕ್ಷೆಯಾದದ್ದು ಮೆಚ್ಚತಕ್ಕದ್ದೇ. ಆದರೆ ಕೈಯಾರೆ ಮಾಡಿದವರು ಪಾರಾದರು, ನಷ್ಟವಾದವನ ಮಾತು ಯಾರೂ ಎತ್ತಲಿಲ್ಲ.

ನಮಗೆ ಹತ್ತಿರದ ಪ್ರಕರಣಕ್ಕೆ ಬರೋಣ. ಉಡುಪಿ ಜಿಲ್ಲೆಯ ಹಳ್ಳಿಯಿಂದ ಬಂದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದು ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಮರುವರ್ಷ ಅವರೂ ಜೊತೆಯ ಓಟಗಾರ್ತಿಯರೂ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ಕೋಚ್ ಕೊಟ್ಟ ಜಿನ್‌ಸೆಂಗ್ ಎಂಬ ಗಿಡಮೂಲಿಕೆಯ ಪೂರಕದಿಂದ ಅದು ದೇಹ ಸೇರಿತು ಎಂಬುದು ಅವರ ವಾದ. 2011ರ ಡಿಸೆಂಬರ್‌ನಲ್ಲಿ ನಮ್ಮ ರಾಷ್ಟ್ರೀಯ ಸಂಸ್ಥೆಯ ಶಿಸ್ತು ಸಮಿತಿ ಒಂದು ವರ್ಷ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಮೇಲ್ಮನವಿ ಸಲ್ಲಿಸಿತು. 2012ರ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಕೋಚ್‌ನನ್ನು ಕೆಲಸದಿಂದ ತೆಗೆದುಹಾಕಲಾಯಿತು.

ಉದ್ದೀಪನ ಮದ್ದಿನ ನಿಯಮ ಹೀಗಿದೆ: ನಿನ್ನ ದೇಹದಲ್ಲಿ ಏನಿದೆಯೋ ಅದಕ್ಕೆ ನೀನೇ ಹೊಣೆ, ಅದು ಹೇಗೆ ಬಂತೆಂಬುದು ಆಮೇಲಿನ ಮಾತು. ಎಂಜಿನಿಯರ್ ಆಗಿ ನಾನು ಇದನ್ನು ಪೂರ್ತಿ ಅಲ್ಲಗಳೆಯಲಾರೆ. ಕಾಂಕ್ರೀಟಿನ ಕ್ಯೂಬ್ 28ನೇ ದಿನ ಪರೀಕ್ಷೆಯಲ್ಲಿ ಸೋತರೆ, "ಸಿಮೆಂಟ್ ಕೊಟ್ಟವನು ಮೋಸ ಮಾಡಿದ" ಎಂದು ಸೇತುವೆಯನ್ನು ಒಪ್ಪಿಕೊಳ್ಳಲಾಗುವುದಿಲ್ಲ. "ಯಾರೋ ಕೊಟ್ಟರು" ಎಂಬ ನೆಪಕ್ಕೆ ಬಾಗಿಲು ತೆರೆದರೆ ಎಲ್ಲರೂ ಅದೇ ಬಾಗಿಲಿನಿಂದ ಹೊರಡುತ್ತಾರೆ. ಆದರೆ ಕ್ಯೂಬ್ ಸೋತಾಗ ತನಿಖೆ ಅಲ್ಲಿಗೇ ನಿಲ್ಲಬಾರದು. ಸಿಮೆಂಟ್ ಎಲ್ಲಿಂದ ಬಂತು, ನೀರು ಎಷ್ಟು ಹಾಕಿದರು, ಅವಸರ ಯಾರದು ಎಂದು ಮೇಲಕ್ಕೆ ಹೋಗಬೇಕು. 2015ರಿಂದ ಜಾರಿಗೆ ಬಂದ ವಿಶ್ವ ಉದ್ದೀಪನ ತಡೆ ಸಂಹಿತೆಯಲ್ಲಿ ಈ ಮಾತು ಸೇರಿದೆ. ಅಪ್ರಾಪ್ತ ವಯಸ್ಸಿನ ಕ್ರೀಡಾಪಟು ಸಿಕ್ಕಿಬಿದ್ದರೆ, ಅಥವಾ ಒಬ್ಬನೇ ಕೋಚ್ ಕೈಕೆಳಗಿನ ಒಬ್ಬರಿಗಿಂತ ಹೆಚ್ಚು ಜನ ಸಿಕ್ಕಿಬಿದ್ದರೆ, ಸುತ್ತಲಿನ ಹಿರಿಯರ ತನಿಖೆ ತಾನಾಗಿಯೇ ನಡೆಯಬೇಕು.

ಶಿಕ್ಷೆಯ ಪ್ರಮಾಣವೂ ಒಂದು ಪ್ರಶ್ನೆಯೇ. 2018ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದವರು ಉಜ್ಜುಕಾಗದದಿಂದ ಚೆಂಡು ಕೆಡಿಸಲು ಹೋದದ್ದು ನಿಮಗೆಲ್ಲ ನೆನಪಿದೆ. ಐಸಿಸಿ ನಾಯಕ ಸ್ಮಿತ್‌ಗೆ ಹಾಕಿದ್ದು ಒಂದು ಟೆಸ್ಟ್ ನಿಷೇಧ. ಅವರದೇ ದೇಶದ ಮಂಡಳಿ ಹಾಕಿದ್ದು ಸ್ಮಿತ್, ವಾರ್ನರ್‌ಗೆ 12 ತಿಂಗಳು, ಬ್ಯಾಂಕ್ರಾಫ್ಟ್‌ಗೆ 9 ತಿಂಗಳು. ಒಂದೇ ತಪ್ಪಿಗೆ ಒಬ್ಬರ ತಕ್ಕಡಿಯಲ್ಲಿ ಒಂದು ಪಂದ್ಯ, ಇನ್ನೊಬ್ಬರ ತಕ್ಕಡಿಯಲ್ಲಿ ಒಂದು ವರ್ಷ. ಆದರೂ ಎರಡನೆಯ ತೀರ್ಪಿನಲ್ಲಿ ನನಗೆ ಹಿಡಿಸಿದ ಅಂಶ ಒಂದಿದೆ. ಚೆಂಡನ್ನು ಉಜ್ಜಿದ ಕಿರಿಯನಿಗಿಂತ ಯೋಜನೆ ಗೊತ್ತಿದ್ದ ನಾಯಕ, ಉಪನಾಯಕರಿಗೆ ಹೆಚ್ಚು ಶಿಕ್ಷೆಯಾಯಿತು.

ಇವೆಲ್ಲ ನ್ಯಾಯಾಲಯದ ತೀರ್ಪುಗಳಲ್ಲ, ಕ್ರೀಡಾ ಸಂಸ್ಥೆಗಳ ತೀರ್ಪುಗಳು. 2022ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ಕರ್ನಾಟಕ ಪ್ರೀಮಿಯರ್ ಲೀಗ್‌ನ ಪಂದ್ಯ ಫಿಕ್ಸಿಂಗ್ ಪ್ರಕರಣದಲ್ಲಿ, ಇದು ಅಪ್ರಾಮಾಣಿಕತೆ ಇರಬಹುದು, ಅಶಿಸ್ತು ಇರಬಹುದು, ಆದರೆ ಭಾರತೀಯ ದಂಡಸಂಹಿತೆಯ 420ನೇ ಕಲಮಿನ ವಂಚನೆಯಾಗುವುದಿಲ್ಲ, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂಬ ನಿಲುವು ತಾಳಿತು. ಅಂದರೆ ಆಟದ ಮೋಸಕ್ಕೆ ಹೆಚ್ಚಿನ ಮಟ್ಟಿಗೆ ಆಟದ ಸಂಸ್ಥೆಯೇ ಪೊಲೀಸು, ಅದೇ ವಕೀಲ, ಅದೇ ನ್ಯಾಯಾಧೀಶ. ಇಷ್ಟು ಅಧಿಕಾರ ಇರುವ ಕಡೆ ಇನ್ನೂ ಹೆಚ್ಚು ಎಚ್ಚರ ಬೇಕು.

ಕಾಲುವೆ ಕೆಲಸ ಮಾಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ನೀರು ತಗ್ಗಿಗೆ ಹರಿಯುತ್ತದೆ. ನೋಡಿಕೊಳ್ಳದಿದ್ದರೆ ಶಿಕ್ಷೆಯೂ ತಗ್ಗಿಗೇ ಹರಿಯುತ್ತದೆ. ಮೇಲಿನವರು ಬದಿಗೆ ಸರಿಯುತ್ತಾರೆ, ಬುಷ್ ತಂಡದ ಕಿರಿಯರಂತೆ ಕೈಗೆ ಸಿಕ್ಕವರ ತಲೆಯ ಮೇಲೆ ಅದು ಬಂದು ನಿಲ್ಲುತ್ತದೆ. ನೀರು ಹರಿಯುವುದು ಪ್ರಕೃತಿಯ ನಿಯಮ. ಶಿಕ್ಷೆಯ ದಾರಿ ಮಾತ್ರ ಮನುಷ್ಯರು ಅಗೆದದ್ದು, ಅದನ್ನು ತಿರುಗಿಸಬಹುದು.

ತಿರುಗಿಸಿದ ಉದಾಹರಣೆಯೂ ಇದೆ. ಅದೇ ಎನ್‌ಸಿಎಎ 2022ರ ತನ್ನ ಹೊಸ ಸಂವಿಧಾನದಲ್ಲಿ, ತಪ್ಪಿನಲ್ಲಿ ಭಾಗಿಯಾಗದ ಆಟಗಾರರಿಗೆ ಸಾಧ್ಯವಾದಷ್ಟು ಶಿಕ್ಷೆ ತಟ್ಟಬಾರದು ಎಂಬ ತತ್ವವನ್ನು ಸೇರಿಸಿತು. 2023ರ ಜುಲೈನಲ್ಲಿ ಟೆನೆಸೀ ವಿಶ್ವವಿದ್ಯಾಲಯದ ಪ್ರಕರಣ ಬಂತು. 200ಕ್ಕೂ ಹೆಚ್ಚು ಉಲ್ಲಂಘನೆಗಳು ಸಾಬೀತಾಗಿದ್ದವು. ವಿದ್ಯಾರ್ಥಿವೇತನಗಳ ಕಡಿತ ಅಲ್ಲೂ ಆಯಿತು, ಆದರೆ ತಂಡವನ್ನು ಪಂದ್ಯಗಳಿಂದ ನಿಷೇಧಿಸಲಿಲ್ಲ. ವಿಶ್ವವಿದ್ಯಾಲಯಕ್ಕೆ 80 ಲಕ್ಷ ಡಾಲರ್‌ಗೂ ಹೆಚ್ಚು ದಂಡ ಹಾಕಿದರು. ಹಿಂದಿನ ಕೋಚ್ ಎಲ್ಲಿ ಕೆಲಸಕ್ಕೆ ಹೋದರೂ ಬೆನ್ನು ಹತ್ತುವಂತೆ ಆರು ವರ್ಷದ ನಿರ್ಬಂಧ ಹಾಕಿದರು. ಲಾಭ ಪಡೆದವರ ಬೊಕ್ಕಸಕ್ಕೆ ಕೈಹಾಕಿದರು, ಹುಡುಗರಿಗೆ ಆಡಲು ಬಿಟ್ಟರು.

ಶಿಕ್ಷೆ ಕೊಡುವ ಸ್ಥಾನದಲ್ಲಿ ಕುಳಿತವರು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು ಎಂದು ನನ್ನ ತಿಳಿವಳಿಕೆ. ಕೈಯಾರೆ ಮಾಡಿದವರು ಯಾರು? ಮಾಡಿಸಿದವರು ಯಾರು? ಗೊತ್ತಿದ್ದೂ ಸುಮ್ಮನಿದ್ದವರು ಯಾರು? ಏನೂ ಅರಿಯದವರು ಯಾರು? ನಾಲ್ವರನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು.

ಇಷ್ಟೆಲ್ಲ ಹೇಳುವ ನಾನು ಒಂದು ಮಾತು ಒಪ್ಪಿಕೊಳ್ಳದಿದ್ದರೆ ಈ ಸಭೆಗೆ ದ್ರೋಹವಾಗುತ್ತದೆ. ಸುಮಾರು 20 ವರ್ಷದ ಹಿಂದೆ ಒಂದು ಕಾಲುವೆಯ ಲೈನಿಂಗ್ ಒಡೆಯಿತು. ಇಲಾಖಾ ವಿಚಾರಣೆ ನನ್ನ ಪಾಲಿಗೆ ಬಂತು. ಅಳತೆ ಪುಸ್ತಕದಲ್ಲಿ ಸಹಿ ಇದ್ದದ್ದು ಒಬ್ಬ ಕಿರಿಯ ಎಂಜಿನಿಯರದು. "ಸರ್, ಮಾರ್ಚ್ 31ರೊಳಗೆ ಬಿಲ್ ಆಗಬೇಕು, ಸಹಿ ಹಾಕು ಅಂತ ಮೇಲಿನವರು ಬಾಯಿಮಾತಲ್ಲಿ ಹೇಳಿದರು" ಎಂದು ಅವರು ಹೇಳಿಕೆ ಕೊಟ್ಟರು. ಅದು ನಿಜವೆಂದು ನನಗೆ ಗೊತ್ತಿತ್ತು. ಮಾರ್ಚ್ ತಿಂಗಳಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯದ ಎಂಜಿನಿಯರ್ ಇದ್ದಾನೆಯೇ? ಆದರೂ ನಾನು ಬರೆದೆ: "ಮೌಖಿಕ ಆದೇಶಕ್ಕೆ ದಾಖಲೆ ಇರುವುದಿಲ್ಲ." ಅವರ ಎರಡು ವೇತನ ಬಡ್ತಿ ತಡೆಹಿಡಿಯಲು ಶಿಫಾರಸು ಮಾಡಿದೆ. ಮೇಲಿನವರು ಸನ್ಮಾನ ಮಾಡಿಸಿಕೊಂಡು ನಿವೃತ್ತರಾದರು. ನನ್ನ ವರದಿಯಲ್ಲಿ ಕಾನೂನಿನ ತಪ್ಪು ಒಂದೂ ಇರಲಿಲ್ಲ. ನ್ಯಾಯವೂ ಇರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದವರ ಸಾಲಿನಲ್ಲಿ ನಾನೂ ಇದ್ದೇನೆ.

ಈಗ ನಮ್ಮ ಹುಡುಗನ ಪ್ರಶ್ನೆಗೆ ಮರಳುತ್ತೇನೆ. ಇಷ್ಟು ಓದಿದ ಮೇಲೆ ಅವನನ್ನು ಕೂರಿಸಿಕೊಂಡು ಕೇಳಿದೆ: "ಆ ಹುಡುಗ ಹೊರಗಿನವನು ಅಂತ ನಿನಗೆ ಗೊತ್ತಿತ್ತೇನು?" ಬಹಳ ಹೊತ್ತು ತಲೆ ತಗ್ಗಿಸಿ ಕುಳಿತ. ಆಮೇಲೆ ಹೇಳಿದ: "ಗೊತ್ತಿತ್ತು ಅಜ್ಜಾ. ಸರ್ ಅಂದ್ರು, ಸುಮ್ನಿರ್ರಿ ಅಂತ."

ಬೈಯಲು ನನಗೆ ಬಾಯಿ ಬರಲಿಲ್ಲ. ನನ್ನ ಕಿರಿಯ ಎಂಜಿನಿಯರ್ ಹೇಳಿದ್ದೂ ಇದನ್ನೇ.

ಇಬ್ಬರೂ ಕೂಡಿ ಕ್ರೀಡಾ ಸಮಿತಿಗೆ ಒಂದು ಮನವಿ ಬರೆದೆವು. ನಿಷೇಧವನ್ನು ಪೂರ್ತಿ ಎತ್ತಿ ಎಂದು ಕೇಳಲಿಲ್ಲ. ಮಾಡಿಸಿದವರ ವಿಚಾರಣೆಯಾಗಲಿ, ಅವರು ಯಾವ ಕಾಲೇಜಿನಲ್ಲಿದ್ದರೂ ಆಗಲಿ. ಕಾಲೇಜಿಗೆ ದಂಡ ಹಾಕಿರಿ. ಗೊತ್ತಿದ್ದ ಆಟಗಾರರಿಗೆ ಒಂದು ಋತು ಶಿಕ್ಷೆ ಸಾಕು. ಗೊತ್ತಿಲ್ಲದವರಿಗೂ ಈ ವರ್ಷ ಹೊಸದಾಗಿ ಸೇರಿದವರಿಗೂ ಆಡಲು ಬಿಡಿ. "ನನಗೆ ಗೊತ್ತಿತ್ತು" ಎಂಬ ಸಾಲು ಬರೆಯುವಾಗ ಹುಡುಗನ ಪೆನ್ನು ನಿಂತಿತು. "ಇದನ್ನ ಬರದ್ರ ನನಗ ಇನ್ನೂ ಹೆಚ್ಚಿಗಿ ಶಿಕ್ಷೆ ಆದ್ರ?" ಎಂದ. "ಆಗಬಹುದು" ಎಂದೆ. ಸ್ವಲ್ಪ ಹೊತ್ತು ಬಿಟ್ಟು ಬರೆದ, ಸಹಿ ಹಾಕಿದ. ತಂಡದ ಇನ್ನೂ ನಾಲ್ವರು ಬಂದು ಸಹಿ ಹಾಕಿದರು. ಉತ್ತರ ಇನ್ನೂ ಬಂದಿಲ್ಲ.

ಆ ಕಿರಿಯ ಎಂಜಿನಿಯರ್ ಈಗ ಅವರೂ ನಿವೃತ್ತರು. ಕಳೆದ ತಿಂಗಳು ಅವರ ಮನೆಗೆ ಹೋಗಿ, "ಅಂದು ನಾನು ಬರೆದ ವರದಿ ಅರ್ಧ ಸತ್ಯ" ಎಂದು ಹೇಳಿ ಬಂದೆ. ಅವರು ಹೆಚ್ಚು ಮಾತಾಡಲಿಲ್ಲ. ಚಹಾ ಕೊಟ್ಟರು. ಹೋದ ಬಡ್ತಿ ಹಿಂದಕ್ಕೆ ಬರುವುದಿಲ್ಲ, ನನಗೂ ಗೊತ್ತು, ಅವರಿಗೂ ಗೊತ್ತು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಆಡುತ್ತೀರಿ, ಕೆಲವರು ನಾಳೆ ಅಧಿಕಾರಿಗಳಾಗುತ್ತೀರಿ. ಆಡುವಾಗ ಮೋಸ ಕಂಡರೆ ಅಂದೇ ಹೇಳಿ. ತಡವಾದಷ್ಟೂ ಅದರ ಬೆಲೆಯನ್ನು ಅಮಾಯಕರು ತೆರುತ್ತಾರೆ. ನಾಳೆ ಯಾರದೋ ತಪ್ಪನ್ನು ತೂಗಲು ಕುಳಿತಾಗ, ಎದುರಿಗೆ ಸಿಕ್ಕವನ ಹೆಸರು ಬರೆಯುವ ಮೊದಲು ಅವನ ಹಿಂದೆ ನಿಂತಿರುವವರು ಯಾರೆಂದು ಒಮ್ಮೆ ತಲೆಯೆತ್ತಿ ನೋಡಿ. ನಾನು ಅಂದು ನೋಡಲಿಲ್ಲ.